ಹೆಣ್ಣುಮಗುವಿಗೆ ಹಳೆಯ ಹೆಸರು: ‘ಅಬ್ಬೆ’ ನಾಮಗಳ ಒಂದು ವಿವೇಚನೆ

ಹೆಣ್ಣುಮಗುವಿಗೆ ಬಳಕೆ ತಪ್ಪಿದ ಹಳೆಯ ಹೆಸರೊಂದನ್ನು ಇಡಬಯಸುವವರಿಗೆ ಕನ್ನಡದ ಶಾಸನಗಳೂ ಹಳಗನ್ನಡ ಕಾವ್ಯಗಳೂ ದೊಡ್ಡ ಭಂಡಾರಗಳು. ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ, ನಾಗರಖಂಡದ ಆಡಳಿತ ನಡೆಸಿದ ಜಕ್ಕಿಯಬ್ಬೆ, 1057ರ ಬೆಳತೂರು ಶಾಸನದ ದೇಕಬ್ಬೆ, ದಾನಚಿಂತಾಮಣಿ ಅತ್ತಿಮಬ್ಬೆ ಇವರೆಲ್ಲ ನಮ್ಮ ಪಠ್ಯಗಳಲ್ಲಿ ಪರಿಚಿತರು. ಆದರೆ ಈ ಹೆಸರುಗಳು ಇಂದು ತೊಟ್ಟಿಲವರೆಗೆ ಬರುವುದು ತೀರ ಅಪರೂಪ. ಇದಕ್ಕೆ ಕಾರಣವೇನು, ಹೊರನಾಡಿನ ಮನೆಯೊಂದು ಇಂಥ ಹೆಸರನ್ನು ಆರಿಸಿಕೊಳ್ಳುವಾಗ ಏನನ್ನು ಗಮನಿಸಬೇಕು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಹೆಸರುಗಳ ರಚನೆ ಸರಳವಾದುದು. ಮೂಲಪದವೊಂದಕ್ಕೆ ‘ಅಬ್ಬೆ’ ಸೇರುತ್ತದೆ. ಜಕ್ಕಿಯಬ್ಬೆಯಲ್ಲಿ ‘ಜಕ್ಕಿ’ ಎಂಬುದು ‘ಯಕ್ಷಿ’ಯ ತದ್ಭವ. ‘ಅಬ್ಬೆ’ ಎಂದರೆ ತಾಯಿ. ಹವ್ಯಕರ ಆಡುನುಡಿಯಲ್ಲಿ ಈ ಪದ ಇಂದಿಗೂ ಜೀವಂತವಾಗಿದೆ. ಉತ್ತರ ಕರ್ನಾಟಕದ ‘ಅವ್ವ’, ತಮಿಳಿನ ‘ಅವ್ವೈ’, ತೆಲುಗಿನ ‘ಅವ್ವ’ ಇದೇ ಬಳಗಕ್ಕೆ ಸೇರಿದವು. ಮೂಲಪದವಷ್ಟೇ ಹೆಸರಾಗಿ ನಿಲ್ಲುವುದೂ ಉಂಟು. ರನ್ನನ ಪತ್ನಿಯರ ಹೆಸರು ಜಕ್ಕಿ ಮತ್ತು ಶಾಂತಿ ಎಂಬುದನ್ನು ಇಲ್ಲಿ ನೆನೆಯಬಹುದು.

ಹಳೆಯ ಹೆಸರುಗಳೆಲ್ಲವೂ ಮರೆಯಾಗಲಿಲ್ಲ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ‘ಶಾಂತಲಾ’ ಆಗಿ ಇಂದಿಗೂ ಶಾಲೆಯ ಹಾಜರಿಪಟ್ಟಿಯಲ್ಲಿದ್ದಾಳೆ. ಅವಳ ತಾಯಿ ಮಾಚಿಕಬ್ಬೆ ಅಲ್ಲಿಲ್ಲ. ಕಾದಂಬರಿಗಳು ಶಾಂತಲೆಗೆ ತಂದ ಪ್ರಸಿದ್ಧಿ ಇದಕ್ಕೊಂದು ಕಾರಣ. ರೂಪದ ಕಾರಣವೂ ಇದೆ. ‘ಶಾಂತಲೆ’ಯು ‘ಶಾಂತಲಾ’ ಆದೊಡನೆ ವಿಮಲಾ, ಸುಶೀಲಾ ಮುಂತಾದ ಸಂಸ್ಕೃತ ನಾಮಗಳ ಸಾಲಿನಲ್ಲಿ ಸಲೀಸಾಗಿ ಕುಳಿತುಕೊಳ್ಳುತ್ತದೆ. ‘ಅಬ್ಬೆ’ಗೆ ಆ ಸೌಲಭ್ಯವಿಲ್ಲ. ಅದು ತನ್ನ ದ್ರಾವಿಡತನವನ್ನು ಮರೆಸಿಕೊಳ್ಳದು.

ಹಸುಗೂಸನ್ನು ತಾಯಿಯೆಂದು ಕರೆಯುವುದು ಹೇಗೆ ಎಂಬ ಆಕ್ಷೇಪಣೆ ಬರಬಹುದು. ಎಳೆಯ ಹುಡುಗಿಯನ್ನು ‘ಬಾರವ್ವ’, ‘ನಮ್ಮವ್ವ’ ಎಂದು ಮುದ್ದಿಸುವ ನಾಡಿನಲ್ಲಿ ಈ ಆಕ್ಷೇಪಣೆ ನಿಲ್ಲುವುದಿಲ್ಲ. ಇದಕ್ಕಿಂತ ಬಲವಾದ ನಿದರ್ಶನ ರನ್ನನದೇ. 993ರ ‘ಅಜಿತಪುರಾಣ’ಕ್ಕೆ ಆಶ್ರಯವಿತ್ತವಳು ಅತ್ತಿಮಬ್ಬೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳೂ ಅವಳೇ. ಬಳೆಗಾರ ಕುಲದಲ್ಲಿ ಹುಟ್ಟಿದ ಈ ಕವಿ ತನಗೆ ಆಸರೆಯಾದ ಚಾವುಂಡರಾಯನ ನೆನಪಿಗೆ ಮಗನಿಗೆ ‘ರಾಯ’ ಎಂದೂ, ಮಗಳಿಗೆ ‘ಅತ್ತಿಮಬ್ಬೆ’ ಎಂದೂ ಹೆಸರಿಟ್ಟನು. ಇಲ್ಲಿ ನಾಮಕರಣವು ಋಣದ ಸ್ಮರಣೆಯಾಗಿದೆ. ಹೆಸರು ಅವನ ಕಾಲಕ್ಕೆ ಅಪರೂಪವೋ ಅಲ್ಲವೋ ಎಂಬುದು ಮುಖ್ಯವಲ್ಲ. ಅದನ್ನು ಏಕೆ ಇಟ್ಟೆನೆಂಬುದು ತಂದೆಗೆ ಗೊತ್ತಿತ್ತು.

ಹೊರನಾಡಿನಲ್ಲಿ ಬೇರೆಯ ತೊಡಕುಗಳಿವೆ. ಹಿಂದಿಯಲ್ಲಿ ‘ಅಬೇ’ ಎಂಬುದು ತುಚ್ಛ ಸಂಬೋಧನೆ; ದೆಹಲಿಯ ತರಗತಿಯಲ್ಲಿ ಅತ್ತಿಮಬ್ಬೆಯ ಹೆಸರಿನ ಕೊನೆಯ ಭಾಗ ಪರಿಹಾಸ್ಯಕ್ಕೆ ಎಡೆಯಾಗಬಹುದು. ತೆಲುಗು ನಾಡಿನ ಕೆಲವೆಡೆ ‘ಅವ್ವ’ ಅಜ್ಜಿಯಾಗುತ್ತಾಳೆ. ಮುಂಬಯಿಯಲ್ಲಿ ಮಗುವಿನ ಹೆಸರಿನ ಹಿಂದೆ ತಂದೆಯ ಹೆಸರೂ ಅಡ್ಡಹೆಸರೂ ಸೇರುವುದರಿಂದ ಉದ್ದದ ಪ್ರಶ್ನೆ ಏಳುತ್ತದೆ. ತಂದೆತಾಯಿಗಳ ಅಭಿಮಾನದ ಭಾರವನ್ನು ದಿನವೂ ಹೊರಬೇಕಾದವಳು ಮಗು ಎಂಬುದನ್ನು ಮರೆಯಲಾಗದು.

ಇದಕ್ಕೆ ಪರಿಹಾರ ಪರಂಪರೆಯೊಳಗೇ ಇದೆ. ದಾಖಲೆಯಲ್ಲಿ ‘ಜಕ್ಕಿ’ ಎಂದಿರಿಸಿ, ಮನೆಯಲ್ಲಿ ಪ್ರೀತಿಯಿಂದ ‘ಜಕ್ಕಿಯಬ್ಬೆ’ ಎಂದು ಕರೆಯಬಹುದು. ಪೂರ್ಣರೂಪವನ್ನೇ ಇಡುವುದಾದರೆ, ಆ ಹೆಸರಿನ ಹಿಂದಿನ ಕಥೆಯನ್ನು ಮಗುವಿಗೆ ಹೇಳುವ ಹೊಣೆ ಹೆತ್ತವರದು. ‘ನಿನ್ನ ಹೆಸರು ಹೀಗೇಕೆ?’ ಎಂಬ ಸಹಪಾಠಿಯ ಪ್ರಶ್ನೆಗೆ ಸಾವಿರ ಓಲೆಪ್ರತಿಗಳ ಕಥೆಯನ್ನು ಹೇಳಬಲ್ಲ ಹುಡುಗಿಗೆ ಆ ಹೆಸರು ಭಾರವಾಗದು. ಕಥೆಯಿಲ್ಲದೆ ಕೊಟ್ಟ ಹೆಸರಾದರೋ ಎಷ್ಟೇ ಪ್ರಾಚೀನವಾಗಿದ್ದರೂ ಅವಳಿಗೆ ಅಪರಿಚಿತವಾಗಿಯೇ ಉಳಿಯುತ್ತದೆ.