ಒಂದೇ ಅಂಗಳ, ಎರಡು ಪ್ರಾರ್ಥನೆ

ಪ್ರಶ್ನೆ: ನನ್ನ ತವರು ರಾಯಚೂರು. ಮದುವೆಯಾಗಿ ಧನ್ವಾಡಕ್ಕೆ ಬಂದು ಹನ್ನೊಂದು ವರ್ಷವಾಯಿತು. ತವರಿನವರು ಮೆಥಡಿಸ್ಟ್, ಗಂಡನ ಮನೆಯವರು ಎಂ.ಬಿ., ಅಂದರೆ ಮೆನ್ನೊನೈಟ್ ಬ್ರದರನ್. ಕೂಸಿದ್ದಾಗಲೇ ನನಗೆ ದೀಕ್ಷಾಸ್ನಾನ ಆಗಿತ್ತು. ಅದು ಸಾಲದೆಂದು ಮದುವೆಗೆ ಮುಂಚೆ ನೀರಿನಲ್ಲಿ ಮುಳುಗಿಸಿ ಇನ್ನೊಮ್ಮೆ ಕೊಟ್ಟರು. ಯಜಮಾನರು ಈಗ ಸಭೆಯ ಹಿರಿಯರಲ್ಲಿ ಒಬ್ಬರು. ಎರಡು ವರ್ಷದಿಂದ ಮೈದುನ, ನೆಗೆಣ್ಣಿ ಇಬ್ಬರೂ ಬೇರೊಂದು ಮನೆಕೂಟಕ್ಕೆ ಹೋಗುತ್ತಿದ್ದಾರೆ. ನನ್ನ ಎಂಟು ವರ್ಷದ ಮಗನಿಗೆ ಫಿಟ್ಸ್ ಬರುತ್ತದೆ. ‘ಅಣ್ಣ ದೇವರ ಕೆಲಸವನ್ನು ವಿರೋಧಿಸುತ್ತಾನೆ, ಅವನಲ್ಲಿ ಸೈತಾನ ಕೂತಿದ್ದಾನೆ, ಮಗುವಿಗೆ ಅದಕ್ಕೇ ಹೀಗೆ’ ಎಂದು ಮೈದುನ ಕೂಟದಲ್ಲಿ ಎಲ್ಲರೆದುರು ಸಾಕ್ಷಿ ಹೇಳಿದ. ‘ನೀನು ಸತ್ತರೆ ನಮ್ಮ ಸಮಾಧಿ ಜಾಗದಲ್ಲಿ ಮೂರಡಿ ನೆಲ ಸಿಗುವುದಿಲ್ಲ’ ಎಂದು ಯಜಮಾನರು ಅವನಿಗೆ ಅಂದರು. ಅಂಗಳ ಒಂದೇ, ಮಾತು ನಿಂತಿದೆ. ಕ್ರಿಸ್ಮಸ್ ದಿನ ಯಾರ ಮನೆಯಲ್ಲಿ ಉಣ್ಣಲಿ ಎಂದು ಅತ್ತೆ ಅಳುತ್ತಾರೆ. ಇನ್ನೊಂದು ಮಾತು. ನಾನೂ ನಾಲ್ಕು ಶುಕ್ರವಾರ ಗುಟ್ಟಾಗಿ ಆ ಕೂಟದ ಉಪವಾಸ ಪ್ರಾರ್ಥನೆಗೆ ಹೋಗಿದ್ದೆ. ಅಲ್ಲಿ ಕೂತು ಅತ್ತರೆ ಎದೆ ಹಗುರವಾಗುತ್ತದೆ. ನಮ್ಮ ಮನೆಯಲ್ಲಿ ನಿಜಕ್ಕೂ ಸೈತಾನನ ಕೆಲಸ ನಡೆದಿದೆಯೇ?
— ಹೆಸರು ಬೇಡ, ಧನ್ವಾಡ

ಉತ್ತರ: ತಂಗೀ, ಮೊದಲು ಮಗನ ವಿಷಯ. ಫಿಟ್ಸ್ ಮೆದುಳಿಗೆ ಸಂಬಂಧಿಸಿದ ಕಾಯಿಲೆ. ಅಪ್ಪ ಯಾವ ಸಭೆಗೆ ಹೋಗುತ್ತಾನೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಡಾಕ್ಟರು ಕೊಟ್ಟ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಮೇಲಿಂದ ಮೇಲೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾದೀತು. ಮಗನ ತಲೆಯ ಮೇಲೆ ಕೈಯಿಟ್ಟು ಯಾರು ಬೇಕಾದರೂ ಪ್ರಾರ್ಥಿಸಲಿ, ಮಾತ್ರೆಯ ಹೊತ್ತು ಮಾತ್ರ ತಪ್ಪಬಾರದು. ‘ನಂಬಿಕೆ ಇದ್ದರೆ ಮಾತ್ರೆ ಬಿಡಿ’ ಎಂದು ಯಾರಾದರೂ ಹೇಳಿದರೆ, ಎಷ್ಟೇ ದೊಡ್ಡ ಪಾಸ್ಟರ್ ಆಗಲಿ, ಆ ಮಾತು ಕೇಳಬೇಡಿ.

ಇನ್ನು ಸೈತಾನನ ಮಾತು. ಆತ್ಮಿಕ ಯುದ್ಧ ಎನ್ನುವವರೆಲ್ಲ ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯವನ್ನು ಹಿಡಿಯುತ್ತಾರೆ. ನಿಮ್ಮ ಮೈದುನನೂ ಅದನ್ನೇ ಹಿಡಿದಿರಬೇಕು. 12ನೇ ವಚನವನ್ನು ನಿಧಾನವಾಗಿ ಓದಲು ಹೇಳಿ. ನಮ್ಮ ಹೋರಾಟ ಮನುಷ್ಯರ ಮೇಲಲ್ಲ ಎಂಬುದೇ ಪೌಲ ಅಲ್ಲಿ ಹೇಳುವ ಮೊದಲ ಮಾತು. ಒಡಹುಟ್ಟಿದ ಅಣ್ಣ ಮನುಷ್ಯನೇ ತಾನೇ? ಯೇಸು ಪೇತ್ರನನ್ನು ಸೈತಾನ ಎಂದದ್ದುಂಟು. ಆದರೆ ಅದನ್ನು ಅವನ ಮುಖಕ್ಕೇ ಅಂದ, ಅಂದ ಮೇಲೂ ಜೊತೆಯಲ್ಲೇ ಇಟ್ಟುಕೊಂಡ. ಅಣ್ಣ ಇಲ್ಲದ ಕಡೆ ಮೈಕು ಹಿಡಿದು ಅವನ ಮೇಲೆ ಸಾಕ್ಷಿ ಹೇಳುವುದು ಬೇರೆ. ಅದಕ್ಕೆ ಹಳ್ಳಿಯಲ್ಲಿ ಚಾಡಿ ಎನ್ನುತ್ತಾರೆ.

ಹಾಗೆಂದು ಯಜಮಾನರ ಪಕ್ಷ ಹಿಡಿಯಲಾರೆ. ಅವರ ಸಭೆ ಹುಟ್ಟಿದ್ದು ಹೇಗೆಂದು ಅವರಿಗೆ ನೆನಪಿಸಬೇಕು. ಇಂದಿನ ಉಕ್ರೇನಿನ ದಕ್ಷಿಣ ಭಾಗದಲ್ಲಿ ಮೊಲೊಚ್ನ ಎಂಬಲ್ಲಿ ಮೆನ್ನೊನೈಟ್ ರೈತರ ಊರುಗಳಿದ್ದವು. ಹಳೆಯ ಸಭೆಯಲ್ಲಿ ಜೀವವಿಲ್ಲ ಎಂದು ಕೆಲವರು ಮನೆಗಳಲ್ಲಿ ಕೂಡತೊಡಗಿದರು. ಸಭೆಯ ಹಿರಿಯರನ್ನು ಬಿಟ್ಟು ಮನೆಯಲ್ಲೇ ಪ್ರಭು ಭೋಜನ ನಡೆಸಿದರು. ಗದ್ದಲವಾಯಿತು. 1860ರ ಜನವರಿ 6ರಂದು ಹದಿನೆಂಟು ಕುಟುಂಬದ ಯಜಮಾನರು ಸಹಿ ಹಾಕಿ ಬೇರೆಯಾದರು. ಅವರೇ ಮೆನ್ನೊನೈಟ್ ಬ್ರದರನ್. ಅಮೆರಿಕಕ್ಕೆ ವಲಸೆ ಹೋದ ಅದೇ ಪಂಗಡದವರು 1899ರಲ್ಲಿ ಹೈದರಾಬಾದಿಗೆ ಬಂದರು. 1937ರಲ್ಲಿ ಮಹಬೂಬ್‌ನಗರ, ಗದ್ವಾಲದ ಸೇವೆಯನ್ನು ಅಮೆರಿಕನ್ ಬ್ಯಾಪ್ಟಿಸ್ಟರು ಅವರ ಕೈಗೆ ಒಪ್ಪಿಸಿದರು. ಇಂದು ಮೈದುನನ ಮನೆಕೂಟವನ್ನು ಬೈಯುವ ಯಜಮಾನರು, ನೂರಾ ಅರವತ್ತು ವರ್ಷದ ಹಿಂದಿನ ಒಂದು ಮನೆಕೂಟದ ಮಕ್ಕಳೇ.

ನಿಮ್ಮನ್ನೇ ನೋಡಿ. ನೀರಿನಲ್ಲಿ ಮುಳುಗಿ ಎದ್ದ ದಿನ ನಿಮ್ಮ ತವರಿನ ಸಭೆ ಸುಳ್ಳಾಯಿತೇ? ನಿಮ್ಮನ್ನು ಎತ್ತಿಕೊಂಡು ಪ್ರಾರ್ಥಿಸಿದ ಅಜ್ಜಿ ಸೈತಾನನ ಕಡೆಯವಳಾದಳೇ? 1947ರ ಸೆಪ್ಟೆಂಬರ್ 27ರಂದು ಹಲವು ಸಭೆಗಳು ಕೂಡಿ ದಕ್ಷಿಣ ಇಂಡಿಯಾ ಸಭೆ, ಅಂದರೆ ಸಿ.ಎಸ್.ಐ. ಆದಾಗ ರಾಯಚೂರು ಕಡೆಯ ಮೆಥಡಿಸ್ಟರು ಅದರಲ್ಲಿ ಸೇರಲಿಲ್ಲ. ಅದಕ್ಕಾಗಿ ಅಣ್ಣತಮ್ಮಂದಿರು ಊಟ ಬಿಡಬೇಕಾಗಿಲ್ಲ. ಪೌಲ, ಬಾರ್ನಬ ಇಬ್ಬರೂ ಮಾರ್ಕನ ವಿಷಯಕ್ಕೆ ಜಗಳವಾಡಿ ಬೇರೆ ಬೇರೆ ದಾರಿ ಹಿಡಿದರು. ಮುಂದೊಂದು ದಿನ ಅದೇ ಮಾರ್ಕನನ್ನು ಕರೆದುಕೊಂಡು ಬಾ ಎಂದು ಪೌಲನೇ ಬರೆದ. ನಡುವೆ ಯಾರೂ ಯಾರನ್ನೂ ಸೈತಾನ ಎನ್ನದಿದ್ದುದರಿಂದ ಹಿಂದಿರುಗುವ ದಾರಿ ಉಳಿದಿತ್ತು. ಭಿನ್ನಾಭಿಪ್ರಾಯ ಪಾಪವಲ್ಲ. ಎದುರಿನವನಿಗೆ ಸೈತಾನನ ಹೆಸರಿಟ್ಟ ಮೇಲೆ ಮಾತಾಡಲು ಅಲ್ಲಿ ಮನುಷ್ಯನೇ ಉಳಿಯುವುದಿಲ್ಲ.

ಈಗ ಮಾಡಬೇಕಾದ್ದು. ಮತ್ತಾಯನ 18ನೇ ಅಧ್ಯಾಯದಲ್ಲಿ ಕ್ರಮ ಹೇಳಿದೆ. ಮೊದಲು ಇಬ್ಬರೇ ಕೂತು ಮಾತು, ಆಗದಿದ್ದರೆ ಒಬ್ಬಿಬ್ಬರ ಜೊತೆ, ಆಮೇಲಷ್ಟೇ ಸಭೆ. ನಿಮ್ಮ ಮನೆಯಲ್ಲಿ ಇದು ತಲೆಕೆಳಗಾಗಿದೆ. ಅಣ್ಣತಮ್ಮ ಇಬ್ಬರೇ ಅತ್ತೆಯ ಎದುರು ಕೂರಲಿ. ಪಾಸ್ಟರು, ಹಿರಿಯರು, ಫೋನು ಯಾವುದೂ ಬೇಡ. ಅನ್ಯಭಾಷೆಯಲ್ಲಿ ಪ್ರಾರ್ಥಿಸುವುದು ಸರಿಯೋ ತಪ್ಪೋ ಎಂಬಂಥ ಚರ್ಚೆಯನ್ನು ಅಂದು ಎತ್ತಬೇಡಿ, ಅದು ಒಂದು ರಾತ್ರಿಯಲ್ಲಿ ಮುಗಿಯುವುದಲ್ಲ. ತಮ್ಮ ಆ ಸಾಕ್ಷಿಯ ಮಾತನ್ನು ವಾಪಸು ತೆಗೆದುಕೊಳ್ಳಲಿ, ಅಣ್ಣ ಸಮಾಧಿಯ ಮಾತನ್ನು. ಅಷ್ಟಾದರೆ ಸಾಕು. ಸತ್ತವನಿಗೆ ನೆಲ ಕೊಡುವುದಿಲ್ಲ ಎನ್ನುವುದು ಸಿದ್ಧಾಂತವಲ್ಲ, ಸೇಡು. ಇವರಿಬ್ಬರೂ ಒಪ್ಪದಿದ್ದರೆ ನೀವು ಮತ್ತು ನೆಗೆಣ್ಣಿ ಶುರುಮಾಡಿ. ಕ್ರಿಸ್ಮಸ್ ಅಡುಗೆ ಈ ಸಲ ಅತ್ತೆಯ ಒಲೆಯ ಮೇಲಾಗಲಿ. ಅವರು ಯಾರ ಮನೆಗೂ ಹೋಗುವುದು ಬೇಡ, ಉಣ್ಣುವವರು ಅವರಲ್ಲಿಗೆ ಬರಲಿ.

ಕೊನೆಗೆ ನಿಮ್ಮ ಶುಕ್ರವಾರಗಳು. ಮಗನ ಕಾಯಿಲೆಯ ಭಾರ ಹೊತ್ತ ತಾಯಿ ಎಲ್ಲಿ ಅಳಲು ಜಾಗ ಸಿಕ್ಕಿತೋ ಅಲ್ಲಿ ಅತ್ತಿದ್ದೀರಿ, ಅದು ತಪ್ಪಲ್ಲ. ಆದರೆ ಆ ಗುಟ್ಟು ಬೇರೆಯವರ ಬಾಯಿಂದ ಹೊರಬಿದ್ದರೆ ಯಜಮಾನರ ಕೋಪಕ್ಕೆ ಇನ್ನೊಂದು ಕೊಳ್ಳಿ ಸಿಕ್ಕಂತೆ. ಆದ್ದರಿಂದ ನೀವೇ ಅವರಿಗೆ ಹೇಳಿಬಿಡಿ. ನಿಮ್ಮ ಸಭೆಯಲ್ಲಿ ನಿಮಗೆ ಅಳಲು ಜಾಗ ಯಾಕಿರಲಿಲ್ಲ ಎಂಬುದನ್ನೂ, ಒಬ್ಬ ಹಿರಿಯನಾಗಿ, ಅವರು ಕೇಳಿಸಿಕೊಳ್ಳಬೇಕು. ಮುಂದಿನ ಶುಕ್ರವಾರ ಹೋಗುವುದಾದರೆ ಅವರಿಗೆ ಹೇಳಿಯೇ ಹೋಗಿ.