ಗ್ರಾಮಗಳಿಗೆ ತಕ್ಕ ರೇಡಿಯೋ ಯಂತ್ರದ ಆಯ್ಕೆ

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಗ್ರಾಮ ಮುಖಂಡರ ಹಾಗೂ ಭೂಮಾಲೀಕರ ತಿಳಿವಳಿಕೆಗಾಗಿ)

ಒಕ್ಕಲುತನಕ್ಕೆ ಬಿತ್ತನೆ ಬೀಜವೂ ಗೊಬ್ಬರವೂ ಎಷ್ಟು ಅವಶ್ಯಕವೋ, ಸಕಾಲದ ಸಮಾಚಾರವೂ ಅಷ್ಟೇ ಅವಶ್ಯಕವು. ಮೋಡ ಮುಚ್ಚಿ ತಂಪು ಹೆಚ್ಚಿದಾಗ ಹಾಸನ ಸೀಮೆಯ ಮುಂಗಾರು ಆಲೂಗೆಡ್ಡೆಗೆ ಅಂಗಮಾರಿ ರೋಗವು ತಗುಲಿ ಕೆಲವೇ ದಿವಸಗಳಲ್ಲಿ ಹೊಲವನ್ನೆಲ್ಲ ವ್ಯಾಪಿಸುವುದುಂಟು. ಔಷಧವನ್ನು ಸಿಂಪಡಿಸಿದ ಕೂಡಲೆ ಮಳೆ ಹೊಡೆದರೆ ಔಷಧವೂ ಕೂಲಿಯೂ ನೀರುಪಾಲಾಗುತ್ತವೆ. ಹವಾ ವರ್ತಮಾನವನ್ನು ಮೊದಲೇ ತಿಳಿದವನಿಗೆ ಈ ನಷ್ಟವು ತಪ್ಪುತ್ತದೆ. ಗಾಳಿಮಳೆಯಲ್ಲಿ ವಿದ್ಯುಚ್ಛಕ್ತಿ ನಿಂತು ಮೊಬೈಲ್ ಗೋಪುರವು ಮೂಕವಾದಾಗಲೂ ಸೆಲ್ಲಿನಿಂದ ನಡೆಯುವ ರೇಡಿಯೋ ಮಾತನಾಡುತ್ತದೆ. ಆದರೆ ಯಂತ್ರವನ್ನು ವಿವೇಚಿಸಿ ಕೊಳ್ಳತಕ್ಕದ್ದು.

ಮೂರು ಬಗೆಯ ತರಂಗಗಳು

ಹ್ರಸ್ವ ತರಂಗ, ಅಂದರೆ ಶಾರ್ಟ್ ವೇವ್, ಆಕಾಶದ ಮೇಲ್ಪದರದಿಂದ ಹಿಂದಿರುಗಿ ಸಹಸ್ರಾರು ಮೈಲಿ ದೂರದಲ್ಲಿ ಕೇಳಿಸುತ್ತದೆ. ಹಿಂದೆ ಇದರ ಹಲವು ಪಟ್ಟಿಗಳಿರುವ ಯಂತ್ರವೇ ಶ್ರೇಷ್ಠವೆಂದು ಜನರು ಎಣಿಸುತ್ತಿದ್ದರು. ಈಗ ಆ ಎಣಿಕೆಗೆ ಆಧಾರವು ಕಡಮೆಯಾಗಿದೆ. ನೆದರ್ಲೆಂಡ್ಸ್ ದೇಶದ ಪರದೇಶ ಬಾನುಲಿಯು 2012ರಲ್ಲಿಯೂ, ಆಸ್ಟ್ರೇಲಿಯಾದ್ದು 2017ರಲ್ಲಿಯೂ ಈ ತರಂಗಗಳ ಪ್ರಸಾರವನ್ನು ನಿಲ್ಲಿಸಿದವು. ನಮ್ಮ ಬೇಸಾಯಕ್ಕೆ ಬೇಕಾದ ಮಾತು ಉಳಿದೆರಡು ತರಂಗಗಳಲ್ಲಿಯೇ ಬರುತ್ತದೆ.

ಮಧ್ಯಮ ತರಂಗವು ಹಗಲಿನಲ್ಲಿ ನೆಲವನ್ನನುಸರಿಸಿ ಹರಿಯುವುದರಿಂದ ಗುಡ್ಡ ತಗ್ಗುಗಳು ಇದಕ್ಕೆ ಹೆಚ್ಚು ಅಡ್ಡಿ ಮಾಡಲಾರವು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಪ್ರಸಾರವು ಈ ವರ್ಗದ್ದು; ಇದರ ಅಲೆಯ ಉದ್ದ ಸುಮಾರು 490 ಮೀಟರು. ರಾತ್ರಿಯಲ್ಲಿ ದೂರದ ನಿಲಯಗಳೂ ಬಂದು ಬೆರೆಯುವುದು ಇದರ ದೋಷವು.

ಎಫ್. ಎಂ. ಅಲೆಯು ಅತಿ ಚಿಕ್ಕದು. ಹಾಸನ ಆಕಾಶವಾಣಿಯ 102.2 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 3 ಮೀಟರು ಮಾತ್ರ. ಧ್ವನಿ ಬಹು ನಿರ್ಮಲವು. ಆದರೆ ದೀಪದ ಬೆಳಕಿನಂತೆ ಹೆಚ್ಚುಕಡಮೆ ನೇರವಾಗಿ ಚಲಿಸುವುದರಿಂದ ಗುಡ್ಡದ ಮರೆಯಲ್ಲಿ ಕ್ಷೀಣಿಸುತ್ತದೆ.

ಸ್ಥಳಾನುಸಾರ ಆಯ್ಕೆ

ಹಾಸನದ ಸುತ್ತಣ ಗ್ರಾಮಗಳಿಗೆ ಸಾಧಾರಣ ಎಫ್. ಎಂ. ಯಂತ್ರವೇ ಸಾಕು. ಚನ್ನರಾಯಪಟ್ಟಣದ ಬಯಲಿನಲ್ಲಿ ತೆಂಗು, ರಾಗಿ ಬೆಳೆಯುವವರೂ, ಹೊಳೆನರಸೀಪುರದಲ್ಲಿ ಹೇಮಾವತಿಯ ದಡದವರೂ ಎರಡು ಪಟ್ಟಿಗಳೂ ಇರುವುದನ್ನು ಕೊಳ್ಳುವುದು ಲೇಸು. ಅರಕಲಗೂಡಿನ ಏರುತಗ್ಗಿನ ನೆಲದಲ್ಲಿ ಮಧ್ಯಮ ತರಂಗವು ಚೆನ್ನಾಗಿ ಹಿಡಿಯುವ ಯಂತ್ರವನ್ನು ಅವಶ್ಯವಾಗಿ ಆರಿಸತಕ್ಕದ್ದು.

ಕೊಳ್ಳುವಾಗ ನೋಡತಕ್ಕ ಅಂಶಗಳು

1. ಎಫ್. ಎಂ. ಪಟ್ಟಿಯು 88ರಿಂದ 108 ಮೆಗಾಹರ್ಟ್ಸ್‌ವರೆಗೆ ಇರಬೇಕು. ಜಪಾನಿನ ಬಳಕೆಗೆಂದು ಮಾಡಿದ ಕೆಲವು ಹಳೆಯ ಯಂತ್ರಗಳು 90ಕ್ಕೇ ನಿಲ್ಲುತ್ತವೆ. ಅವುಗಳಲ್ಲಿ ಹಾಸನವು ದೊರೆಯದು.

2. ಅಂಕಿ ತೋರಿಸುವ ಯಂತ್ರವಾದರೆ ಮಧ್ಯಮ ತರಂಗದಲ್ಲಿ 9 ಕಿಲೋಹರ್ಟ್ಸ್ ಅಂತರದಿಂದ ಮುಂದುವರಿಯಬೇಕು. 10ರ ಅಂತರದ್ದು 610ರಿಂದ 620ಕ್ಕೆ ನೆಗೆದು 612ನ್ನು ದಾಟಿಬಿಡುತ್ತದೆ.

3. ಎಫ್. ಎಂ.ಗೆ ಉದ್ದಕ್ಕೆ ಎಳೆಯುವ ಲೋಹದ ಕಡ್ಡಿಯೂ, ಮಧ್ಯಮ ತರಂಗಕ್ಕೆ ಒಳಗಡೆ ತಂತಿ ಸುತ್ತಿದ ಫೆರೈಟ್ ದಂಡವೂ ಇರುತ್ತವೆ. ದಂಡವು ಉದ್ದವಾದಷ್ಟೂ ಒಳ್ಳೆಯದು.

4. ಎಲ್ಲೆಡೆಯೂ ಸಿಕ್ಕುವ ಸೆಲ್ಲಿನಿಂದ ನಡೆಯಬೇಕು.

5. ಸಾಧ್ಯವಾದರೆ ಯಂತ್ರವನ್ನು ಗ್ರಾಮಕ್ಕೇ ತಂದು, ಹಗಲೂ ರಾತ್ರಿಯೂ ಪರೀಕ್ಷಿಸಿ, ಬಳಿಕ ಹಣ ಕೊಡುವುದು.

ಉಪಯೋಗಿಸುವ ಕ್ರಮ

ಫೆರೈಟ್ ದಂಡದ ಮಗ್ಗುಲು ನಿಲಯದ ಕಡೆಗಿರಬೇಕು. ಬೆಂಗಳೂರು ಈ ತಾಲ್ಲೂಕುಗಳಿಗೆ ಪೂರ್ವದಲ್ಲಿರುವುದರಿಂದ ಯಂತ್ರವನ್ನು ಉತ್ತರ ದಕ್ಷಿಣವಾಗಿ ಉದ್ದಕ್ಕಿಟ್ಟರೆ ಸಾಮಾನ್ಯವಾಗಿ ಧ್ವನಿಯು ಹೆಚ್ಚುತ್ತದೆ. ಕರಕರ ಶಬ್ದ ಬಂದರೆ ಯಂತ್ರವನ್ನು ದೂಷಿಸುವ ಮೊದಲು ಹತ್ತಿರದ ಎಲ್. ಇ. ಡಿ. ದೀಪವನ್ನೂ ಮೊಬೈಲ್ ಚಾರ್ಜರನ್ನೂ ಆರಿಸಿ ನೋಡುವುದು. ಎಫ್. ಎಂ. ಕ್ಷೀಣವಾದರೆ ಯಂತ್ರವನ್ನು ಕಿಟಕಿಯ ಬಳಿಗೋ ಮಹಡಿಗೋ ಒಯ್ಯತಕ್ಕದ್ದು. ಬಹುದಿನ ಬಳಸದಿದ್ದಲ್ಲಿ ಸೆಲ್ಲುಗಳನ್ನು ತೆಗೆದಿಡದಿದ್ದರೆ ಅವು ಸೋರಿ ಒಳಭಾಗವನ್ನು ತಿಂದುಹಾಕುವುವು.

1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 30 ವಾಟ್‌ಗಳ ಪುಟ್ಟ ಯಂತ್ರದಿಂದ ಪ್ರಸಾರವನ್ನು ಪ್ರಾರಂಭಿಸಿದರು. ಪ್ರಸಾರಗಳು ಅಂದಿಗಿಂತ ಬಹಳ ಬೆಳೆದಿವೆ; ಕೇಳುವವರಿದ್ದರೆ ಮಾತ್ರ ಅವು ಸಾರ್ಥಕವು. ಗ್ರಾಮ ಮುಖಂಡರು ಒಂದು ಒಳ್ಳೆಯ ಯಂತ್ರವನ್ನು ಹತ್ತು ಜನ ಕೂಡುವ ಜಗಲಿಯಲ್ಲಿಟ್ಟು, ಹವಾ ವರ್ತಮಾನದ ವೇಳೆಯಲ್ಲಿ ಸಣ್ಣ ಹಿಡುವಳಿದಾರರನ್ನೂ ಕರೆದು ಕೇಳಿಸಿದರೆ ಒಬ್ಬನ ಖರ್ಚಿನಿಂದ ಊರಿನ ಬೆಳೆಗೆಲ್ಲ ಪ್ರಯೋಜನವುಂಟಾಗುವುದು.