ಹಳೆಯ ಜೀಪಿನ ಎಣ್ಣೆಸೋರಿಕೆ: ಒಂದು ಪ್ರಾಯೋಗಿಕ ಪಾಠ

ಕಳೆದ ಬೇಸಗೆಯ ರಜೆಯಲ್ಲಿ ನಾವು ನಾಗಪುರದ ಬಂಧುಗಳ ಮನೆಯಲ್ಲಿ ಕೆಲವು ದಿನ ತಂಗಿದ್ದೆವು. ಹಿರಿಯರ ಕಾಲದಿಂದ ಉಳಿದುಬಂದ ಜೀಪೊಂದು ಅವರಲ್ಲಿದೆ. ಒಂದು ಬೆಳಿಗ್ಗೆ ಎಲ್ಲರೂ ಅದರಲ್ಲಿ ರಾಮಟೇಕದ ಬೆಟ್ಟಕ್ಕೆ ಹೊರಟೆವು. ಏರುದಾರಿಯ ಬದಿಯಲ್ಲಿ ಜೀಪನ್ನು ನಿಲ್ಲಿಸಿ, ಕೈಬ್ರೇಕನ್ನು ಎಳೆದು, ಇಳಿದು ಹತ್ತು ಹೆಜ್ಜೆ ನಡೆದಿರಲಿಲ್ಲ. ಅದು ಮೆಲ್ಲನೆ ಹಿಂದಕ್ಕೆ ಉರುಳತೊಡಗಿತು. ಜೊತೆಯಲ್ಲಿದ್ದ ಹಿರಿಯರೊಬ್ಬರು ಓಡಿಹೋಗಿ ಚಕ್ರದ ಹಿಂದೆ ದೊಡ್ಡ ಕಲ್ಲೊಂದನ್ನು ನೂಕದಿದ್ದರೆ, ಕೆಳಗಿನ ತಿರುವಿನಲ್ಲಿ ನಡೆದುಬರುತ್ತಿದ್ದವರ ಗತಿ ಏನಾಗುತ್ತಿತ್ತೋ ಹೇಳಲಾಗದು.

ಕೈಬ್ರೇಕು ಏಕೆ ಹಿಡಿಯಲಿಲ್ಲ? ಇದಕ್ಕೆ ಉತ್ತರವು ಮನೆಯ ಅಂಗಳದಲ್ಲಿಯೇ ಬಹುಕಾಲದಿಂದ ಬಿದ್ದಿತ್ತು. ಜೀಪು ನಿಲ್ಲುವ ಜಾಗದಲ್ಲಿ ಪ್ರತಿದಿನವೂ ಅಂಗೈಯಗಲದ ಎಣ್ಣೆಯ ಕಲೆ ಕಾಣುತ್ತಿತ್ತು. "ಹಳೆಯ ಗಾಡಿ, ಸೋರದೆ ಇದ್ದೀತೇ?" ಎಂದು ಎಲ್ಲರೂ ನಕ್ಕು ಸುಮ್ಮನಾಗಿದ್ದರು. ಆ ಕಲೆಗೂ ರಾಮಟೇಕದ ಅಪಾಯಕ್ಕೂ ಇರುವ ಸಂಬಂಧವನ್ನು ತಿಳಿಯಬೇಕಾದರೆ ಜೀಪಿನ ರಚನೆಯನ್ನು ಸ್ವಲ್ಪ ಅರಿಯಬೇಕು.

ಜೀಪು ಎರಡನೆಯ ಮಹಾಯುದ್ಧದ ಕೂಸು. 1941ರಿಂದ 1945ರ ವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಸಂಸ್ಥೆಗಳು ಸೈನ್ಯಕ್ಕಾಗಿ ಇದನ್ನು ಲಕ್ಷಗಟ್ಟಲೆ ತಯಾರಿಸಿದವು. ನಮ್ಮ ದೇಶದಲ್ಲಿ 1947ರಿಂದ ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದರು. ವಿದರ್ಭದ ಕಾಡುಗಳಲ್ಲಿಯೂ ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿಯೂ ದಾರಿಯಿಲ್ಲದ ಕಡೆ ದಾರಿ ಮಾಡಿಕೊಂಡು ಹೋಗುವ ವಾಹನವೆಂದು ಇದು ಹೆಸರಾಯಿತು.

ಸಾಮಾನ್ಯ ಮೋಟಾರಿನಲ್ಲಿ ಎಂಜಿನ್ನಿನ ಶಕ್ತಿಯು ಎರಡು ಚಕ್ರಗಳಿಗೆ ಹೋದರೆ, ಜೀಪಿನಲ್ಲಿ ನಾಲ್ಕಕ್ಕೂ ಹೋಗಬಲ್ಲುದು. ಎಂಜಿನ್ನಿನಿಂದ ಕ್ಲಚ್ಚಿಗೆ, ಅಲ್ಲಿಂದ ಗೇರು ಪೆಟ್ಟಿಗೆಗೆ, ಆಮೇಲೆ ಅದಕ್ಕೆ ಅಂಟಿಕೊಂಡಿರುವ ಇನ್ನೊಂದು ಪೆಟ್ಟಿಗೆಗೆ ಶಕ್ತಿಯು ಸಾಗುತ್ತದೆ. ಈ ಎರಡನೆಯ ಪೆಟ್ಟಿಗೆಗೆ ಟ್ರಾನ್ಸ್‌ಫರ್ ಕೇಸ್ ಎಂದು ಹೆಸರು. ಇದು ಶಕ್ತಿಯನ್ನು ಹಂಚಿ, ಎರಡು ಉದ್ದನೆಯ ತಿರುಗುದಂಡಗಳ ಮೂಲಕ ಮುಂದಿನ ಮತ್ತು ಹಿಂದಿನ ಅಚ್ಚುಗಳಿಗೆ ಕಳುಹಿಸುತ್ತದೆ. ಪೆಟ್ಟಿಗೆಗಳಲ್ಲಿಯೂ ಅಚ್ಚುಗಳಲ್ಲಿಯೂ ಹಲ್ಲುಚಕ್ರಗಳು ದಪ್ಪನಾದ ಕೀಲೆಣ್ಣೆಯಲ್ಲಿ ಮುಳುಗಿ ತಿರುಗುತ್ತಿರುತ್ತವೆ. ದಂಡವು ಪೆಟ್ಟಿಗೆಯಿಂದ ಹೊರಬರುವ ಪ್ರತಿಯೊಂದು ಬಾಗಿಲಿನಲ್ಲಿಯೂ ಆಯಿಲ್ ಸೀಲ್ ಎಂಬ ಉಂಗುರವೊಂದು ಕಾವಲು ನಿಂತಿರುತ್ತದೆ. ಅದರ ರಬ್ಬರಿನ ತೆಳುವಾದ ತುಟಿಯು ತಿರುಗುವ ಉಕ್ಕನ್ನು ಒತ್ತಿಹಿಡಿದು ಎಣ್ಣೆಯನ್ನು ಒಳಗೇ ತಡೆಯುತ್ತದೆ.

ಹಳೆಯ ಜೀಪುಗಳ ಕೈಬ್ರೇಕು ಹಿಂದಿನ ಚಕ್ರಗಳಲ್ಲಿರದೆ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಬಾಗಿಲಿನಲ್ಲಿಯೇ ಇರುತ್ತದೆ. ಅಲ್ಲಿಯ ಸೀಲು ಸೋರಿದರೆ ಎಣ್ಣೆಯು ನೇರವಾಗಿ ಬ್ರೇಕಿನ ಡ್ರಮ್ಮಿನೊಳಕ್ಕೆ ಇಳಿಯುತ್ತದೆ. ಘರ್ಷಣೆಯಿಂದ ಹಿಡಿಯಬೇಕಾದ ಬ್ರೇಕಿಗೆ ಘರ್ಷಣೆಯನ್ನು ಕಳೆಯುವ ಎಣ್ಣೆಯನ್ನು ಹಚ್ಚಿದರೆ ಫಲವೇನು? ರಾಮಟೇಕದಲ್ಲಿ ನಡೆದುದು ಇದೇ.

ಮರುದಿನ ಜೀಪನ್ನು ವೃದ್ಧ ಮಿಸ್ತ್ರಿಯೊಬ್ಬರ ಬಳಿಗೆ ಒಯ್ದೆವು. ಅವರು ಕೂಡಲೇ ಪಾನಾ ಹಿಡಿಯಲಿಲ್ಲ. ಮೊದಲು ಗಾಡಿಯ ಅಡಿಯನ್ನು ಸೀಮೆಎಣ್ಣೆಯಿಂದ ತೊಳೆಸಿ ಒರೆಸಿದರು; ಅನಂತರ ಪೆಟ್ಟಿಗೆಗಳ ಮೇಲೆ ಸೀಮೆಸುಣ್ಣದ ಪುಡಿಯನ್ನು ಉದುರಿಸಿ, ಎರಡು ಮೈಲಿ ಓಡಿಸಿಕೊಂಡು ಬರಲು ಹೇಳಿದರು. ಸೋರಿದ ಎಣ್ಣೆಯು ಕೆಳಕ್ಕೆ ಹರಿಯುತ್ತದೆ, ಗಾಳಿಗೆ ಹಿಂದಕ್ಕೆ ಸರಿಯುತ್ತದೆ. ಆದುದರಿಂದ ಅದು ತೊಟ್ಟಿಕ್ಕುವ ಜಾಗವೇ ಸೋರುವ ಜಾಗವಲ್ಲ. ಬಿಳಿಯ ಪುಡಿಯಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾದ ಜಾಗವನ್ನು ಹುಡುಕತಕ್ಕದ್ದು. ನಮ್ಮ ಜೀಪಿನಲ್ಲಿ ಅದು ಹಿಂಬದಿಯ ಸೀಲಿನ ಬಾಯಿಯಾಗಿತ್ತು.

"ಈ ಸೀಲನ್ನು ಎರಡು ಸಲ ಬದಲಾಯಿಸಿ ಆಗಿದೆಯಲ್ಲ!" ಎಂದು ನಮ್ಮವರು ಬೇಸರಪಟ್ಟರು. ಮಿಸ್ತ್ರಿಯವರು ಚಕ್ರಗಳಿಗೆ ಮರದ ತುಂಡುಗಳನ್ನು ಒತ್ತುಕೊಟ್ಟು, ತಿರುಗುದಂಡವನ್ನು ಕಳಚಿ, ನಡುವಿನ ನಟ್ಟನ್ನು ಬಿಚ್ಚಿ, ಡ್ರಮ್ಮನ್ನೂ ಅದರ ಹಿಂದಿನ ಉಕ್ಕಿನ ಕೊರಳನ್ನೂ ಹೊರಕ್ಕೆಳೆದರು. ಆ ಕೊರಳಿನ ಮೇಲೆ ಉಗುರಾಡಿಸಿ ನೋಡಿರೆಂದು ನಮಗೆ ಹೇಳಿದರು. ಸುತ್ತಲೂ ಸಣ್ಣ ಗೀರು ಉಗುರಿಗೆ ತಾಕಿತು. ವರ್ಷಗಟ್ಟಲೆ ಧೂಳಿನೊಡನೆ ಉಜ್ಜಿದ ಮೆತ್ತನೆಯ ರಬ್ಬರು ಗಟ್ಟಿಯಾದ ಉಕ್ಕನ್ನೇ ಸವೆಸಿತ್ತು! ಹೊಸ ಸೀಲಿನ ತುಟಿಯೂ ಅದೇ ಗೀರಿನಲ್ಲಿ ಕುಳಿತು ಮತ್ತೆ ಸೋರುತ್ತಿತ್ತು. ರೋಗವನ್ನು ಬಿಟ್ಟು ರೋಗದ ಕುರುಹಿಗೆ ಮದ್ದು ಹಚ್ಚಿದಂತಾಗಿತ್ತು.

ಅವರು ಆ ಕೊರಳಿಗೆ ತೆಳುವಾದ ಉಕ್ಕಿನ ತೋಳೊಂದನ್ನು ತೊಡಿಸಿದರು. ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ಅದರ ಸುರುಳಿಯಿರುವ ಮಗ್ಗುಲು ಎಣ್ಣೆಯ ಕಡೆಗೆ ಬರುವಂತೆ ಇಟ್ಟು, ಮರದ ತುಂಡಿನಿಂದ ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದರು. ಎಣ್ಣೆ ಕುಡಿದ ಬ್ರೇಕಿನ ಪಟ್ಟಿಗಳನ್ನು ತೊಳೆದು ಮರಳಿ ಹಾಕಲು ಅವರು ಒಪ್ಪಲಿಲ್ಲ. ಎಣ್ಣೆಯು ಪಟ್ಟಿಯ ರಂಧ್ರಗಳೊಳಕ್ಕೆ ಇಳಿದಿರುವುದರಿಂದ ಬಿಸಿಯಾದೊಡನೆ ಮತ್ತೆ ಹೊರಬರುತ್ತದೆ. ಪಟ್ಟಿಗಳನ್ನು ಬದಲಾಯಿಸುವುದೊಂದೇ ದಾರಿ. ಹಳೆಯ ಪಟ್ಟಿಗಳಲ್ಲಿ ಪುಪ್ಪುಸಕ್ಕೆ ಹಾನಿಮಾಡುವ ಆಸ್ಬೆಸ್ಟಾಸ್ ಇರುವ ಸಂಭವವುಂಟಾದುದರಿಂದ, ಅವುಗಳ ಧೂಳನ್ನು ಊದಲೂ ಬಾರದು.

ಕೊನೆಗೆ ಅವರು ಹಿಂದಿನ ಅಚ್ಚಿನ ಮೇಲಿರುವ ಸಣ್ಣ ಗಾಳಿಕಿಂಡಿಯನ್ನು ತೋರಿಸಿದರು. ಅದು ಮಣ್ಣಿನಿಂದ ಮುಚ್ಚಿಹೋಗಿತ್ತು. ಇದರಿಂದೇನಾಗುತ್ತದೆ? ತರಗತಿಯಲ್ಲಿ ಕಲಿತ ವಾಯುನಿಯಮವನ್ನು ನೆನೆಯಿರಿ. ಮುಚ್ಚಿದ ಅಚ್ಚಿನೊಳಗಿನ ಗಾಳಿಯು 27 ಡಿಗ್ರಿ ಸೆಲ್ಸಿಯಸ್ಸಿನಿಂದ 87 ಡಿಗ್ರಿಗೆ ಏರಿತೆನ್ನಿ. ಅಂದರೆ ಕೆಲ್ವಿನ್ ಮಾನದಲ್ಲಿ 300ರಿಂದ 360ಕ್ಕೆ. ಗಾಳಿಗೆ ಹಿಗ್ಗಲು ಎಡೆಯಿಲ್ಲದಿದ್ದರೆ ಅದರ ಒತ್ತಡವು ಐದನೆಯ ಒಂದು ಪಾಲು ಹೆಚ್ಚುತ್ತದೆ. ಆ ಒತ್ತಡವು ಚೆನ್ನಾಗಿರುವ ಸೀಲನ್ನೂ ದಾಟಿಸಿ ಎಣ್ಣೆಯನ್ನು ಹೊರಕ್ಕೆ ನೂಕಬಲ್ಲುದು. ಮೇ ತಿಂಗಳಲ್ಲಿ ನಾಗಪುರದ ಬಿಸಿಲು 45 ಡಿಗ್ರಿಯನ್ನು ದಾಟುವುದುಂಟು. ಕಾವಿಗೆ ಎಣ್ಣೆಯ ಸ್ನಿಗ್ಧತೆಯೂ ಕಡಿಮೆಯಾಗಿ ಅದು ನೀರಿನಂತೆ ಸುಲಭವಾಗಿ ಜಾರುತ್ತದೆ. ಆದುದರಿಂದ ಸೀಲನ್ನು ದೂರುವ ಮೊದಲು ಎರಡನ್ನು ನೋಡತಕ್ಕದ್ದು: ಗಾಳಿಕಿಂಡಿ ತೆರೆದಿದೆಯೇ, ಎಣ್ಣೆಯು ಅಳತೆಗಿಂತ ಹೆಚ್ಚಾಗಿದೆಯೇ. ಒಂದು ಕಡ್ಡಿಯಿಂದ ಹೋಗುವ ದೋಷಕ್ಕೆ ಇಡೀ ಅಚ್ಚನ್ನು ಬಿಚ್ಚುವುದು ಜಾಣತನವಲ್ಲ.

ಹಳೆಯ ಎಣ್ಣೆಯನ್ನು ನಮ್ಮಲ್ಲೊಬ್ಬನು ಚರಂಡಿಗೆ ಸುರಿಯಹೋದಾಗ ಮಿಸ್ತ್ರಿಯವರು ಕೈ ಹಿಡಿದು ತಡೆದರು. "ಬೇಟಾ, ಈ ಚರಂಡಿ ಹೋಗಿ ಸೇರುವುದು ನಾಗ ನದಿಯನ್ನು. ಈ ಊರಿಗೆ ಹೆಸರು ಕೊಟ್ಟ ನೀರು ಅದು," ಎಂದು ಹೇಳಿ, ಎಣ್ಣೆಯನ್ನು ಡಬ್ಬಿಯಲ್ಲಿ ತುಂಬಿಸಿ, ಅದನ್ನು ಕೊಳ್ಳುವವರಿಗಾಗಿ ತೆಗೆದಿರಿಸಿದರು.

ಸಂಜೆ ಜೀಪಿನ ಕೆಳಗೆ ಹಳೆಯ ವೃತ್ತಪತ್ರಿಕೆಯನ್ನು ಹಾಸಿ ಮಲಗಿದೆವು. ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ನೋಡಿದರೆ ಕಾಗದವು ಒಣಗಿಯೇ ಇತ್ತು. ಇಳಿಜಾರಿನಲ್ಲಿ ನಿಲ್ಲಿಸಿ ಪರೀಕ್ಷಿಸಿದಾಗ ಕೈಬ್ರೇಕು ಗಟ್ಟಿಯಾಗಿ ಹಿಡಿಯಿತು. ಆದರೂ ಮನೆಯವರು ಒಂದು ಕಲ್ಲನ್ನು ಜೀಪಿನಲ್ಲಿಯೇ ಇಟ್ಟುಕೊಂಡಿದ್ದಾರೆ.

ವಿದ್ಯಾರ್ಥಿಮಿತ್ರರೇ, ಯಂತ್ರವು ಮಾತನಾಡದು. ಆದರೆ ಹನಿಯಿಂದ, ವಾಸನೆಯಿಂದ, ಸದ್ದಿನಿಂದ ತನ್ನ ನೋವನ್ನು ತಿಳಿಸುತ್ತದೆ. ಅಂಗಳದ ಆ ಕಲೆಯು ತಿಂಗಳುಗಟ್ಟಲೆ ಎಚ್ಚರಿಸುತ್ತಿದ್ದರೂ ನಾವೆಲ್ಲರೂ ಅದನ್ನು ದಾಟಿಕೊಂಡೇ ಓಡಾಡಿದೆವು. ನಿಮ್ಮ ಮನೆಯ ಸೈಕಲ್ಲಾಗಲಿ, ನೀರಿನ ಪಂಪಾಗಲಿ ಹೀಗೆ ಗುರುತು ತೋರಿದಾಗ ಒಂದು ಗಳಿಗೆ ನಿಂತು, "ಏಕೆ?" ಎಂದು ಕೇಳಿರಿ. ಆ ಪ್ರಶ್ನೆಯೇ ವಿಜ್ಞಾನದ ಮೊದಲ ಮೆಟ್ಟಿಲು.